ಸಕ್ಕರೆ ಹಡಗಿನ ಮೂತಿಯಲ್ಲಿ ವಾಸವಿರುವ ಮೀನಿನವರಿಗೆ

ಮಾನ್ಯ ಗೊಮಾಮೊಂಗಾರಾ ಮೀನಿನವರ ಸನ್ನಿಧಿಗೆ,
ಸಕ್ಕರೆ ಸಾಗಿಸುತ್ತಾ ಮುಳುಗಿದ ಹಡಗಿನ ಮೂತಿಯ ಎಡಬದಿ, ಹದಿನೆಂಟು ಮೀಟರ್ ಆಳ, ಕೆರಾಮಾ ದ್ವೀಪಗಳು.

ಮಾನ್ಯರೇ,

ಹವಳದ ದಿಬ್ಬಗಳ ಮೇಲೆ ಬಿಸಿಲು ಹಿತವಾಗಿ ಇಳಿಯುವ ಈ ಜೂನ್ ತಿಂಗಳಲ್ಲಿ ತಾವೂ ತಮ್ಮ ಮೊಟ್ಟೆಗಳೂ ಕ್ಷೇಮವೆಂದು ನಂಬುತ್ತೇನೆ. ತಮ್ಮ ಹಲ್ಲುಗಳ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ. ಅವು ಗಟ್ಟಿಮುಟ್ಟಾಗಿವೆ ಎನ್ನುವುದಕ್ಕೆ ನನ್ನ ಬಳಿ ಡಾಕ್ಟರ ಚೀಟಿಯೇ ಇದೆ.

ನಾನು ಇರಮಿನಾ ಕಿಕುಯೊ, ವಯಸ್ಸು ಅರವತ್ತನಾಲ್ಕು, ಜಮೀನು ದಾಖಲೆ ಕಚೇರಿಯ ನಿವೃತ್ತ ಗುಮಾಸ್ತೆ. ಕಳೆದ ಭಾನುವಾರ ನಮ್ಮ ಸ್ಕೂಬಾ ಬಳಗದ ಏಳು ಜನ ತಮ್ಮ ಹಡಗನ್ನು ನೋಡಲು ಇಳಿದೆವಲ್ಲ, ನನಗದು ನೂರನೇ ಮುಳುಗು. ನಮ್ಮಲ್ಲಿ ನೂರನೇ ಮುಳುಗೆಂದರೆ ಮದುವೆಗಿಂತ ಒಂದು ಕೈ ಮೇಲು: ಎಲ್ಲರೂ ಸಹಿ ಮಾಡಿದ ಬ್ಯಾನರನ್ನು ಸಮುದ್ರದ ತಳದಲ್ಲಿ ಬಿಚ್ಚಿ ಫೋಟೊ ತೆಗೆಸಿಕೊಳ್ಳಬೇಕು, ಆ ಫೋಟೊ ಬಂದರಿನ ಸ್ಕೂಬಾ ಅಂಗಡಿಯ ಗೋಡೆಗೇರಬೇಕು. ಆ ಗೋಡೆಯ ಮೇಲೆ ನನ್ನ ಗಂಡ ಸೇತೊಕು ತಮ್ಮ ನೂರನೇ ಮುಳುಗಿನ ಫೋಟೊದಲ್ಲಿ ಹನ್ನೊಂದು ವರ್ಷದಿಂದ ನಗುತ್ತಾ ನಿಂತಿದ್ದಾರೆ, ಒಂದೇ ಕಾಲಿಗೆ ಈಜುವ ರಬ್ಬರ್ ಫಿನ್ನು ತೊಟ್ಟು. ಇನ್ನೊಂದನ್ನು ಭಯಂಕರ ಸೆಳವು ಕಿತ್ತುಕೊಂಡು ಹೋಯಿತೆಂದೂ, ಆದರೂ ಜಗ್ಗದೆ ನಿಂತೆನೆಂದೂ ಊಟಕ್ಕೆ ಬಂದವರಿಗೆಲ್ಲ ಹೇಳುತ್ತಾರೆ. ಪಕ್ಕದಲ್ಲಿ ನನಗೆಂದು ಅವರೇ ಹೊಡೆದ ಮೊಳೆಯೊಂದು ಅಂದಿನಿಂದ ಖಾಲಿ. ಕಿವಿಯ ತೊಂದರೆಯಿಂದಾಗಿ ಡಾಕ್ಟರು ಅವರಿಗೆ ನೀರಿಗಿಳಿಯಬೇಡಿ ಎಂದ ಮೇಲೆ ದಿನಾ ಬೆಳಿಗ್ಗೆ ಅದೇ ರಾಗ: "ಬೇಗ ನೂರು ಮುಗಿಸೇ, ಮೊಳೆ ತುಕ್ಕು ಹಿಡೀತಿದೆ. ನಾನಿರೋವಾಗ್ಲೇ ನೋಡ್ಬೇಕು." ಆ ಮೊಳೆಗಾಗಿ ಇಳಿದೆ ಮಾನ್ಯರೇ, ಹವಳ, ಹಡಗು ಎಲ್ಲ ನೆಪ.

ಹಡಗಿನ ಮೂತಿಯೆದುರು ತಟ್ಟೆಯಂತೆ ದುಂಡಗೆ, ಕಸಕಡ್ಡಿಯಿಲ್ಲದೆ ಗುಡಿಸಿಟ್ಟ ಮರಳನ್ನು ಕಂಡು, ಯಾರೋ ಪುಣ್ಯಾತ್ಮರು ಫೋಟೊಗೆಂದೇ ಸಿದ್ಧಪಡಿಸಿದ್ದಾರೆ ಎಂದುಕೊಂಡೆವು. ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾವನ್ನು ಎದುರಿಗೆ ಊರಿ, ಬ್ಯಾನರಿನ ಕೋಲುಗಳನ್ನು ಮರಳಿಗೆ ನೆಟ್ಟು, ಕುಳ್ಳರು ಮುಂದೆ ಎತ್ತರದವರು ಹಿಂದೆ ಎಂದು ಅದರಂಚಿನಲ್ಲಿ ಮಂಡಿಯೂರಿದೆವು. ಅದು ತಮ್ಮ ಬಾಣಂತನದ ಕೋಣೆ ಎಂಬ ಫಲಕವನ್ನು ತಾವು ಹಾಕಿರಲಿಲ್ಲ. ನಮ್ಮ ಗೈಡ್ ಜುಕೆರಾನ್ ದೂರದಿಂದ ಎರಡೂ ಕೈ ಬೀಸಿ ಪಕ್ಕಕ್ಕೆ, ಪಕ್ಕಕ್ಕೆ ಎಂದು ಸನ್ನೆ ಮಾಡಿದರೆ, ಫೋಟೊದೊಳಗೆ ಸರಿಯಿರಿ ಎನ್ನುತ್ತಿದ್ದಾನೆಂದು ಇನ್ನಷ್ಟು ಒತ್ತಿ ಕೂತೆವು.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ಉಳಿದವರು ಬಿದ್ದಂಬೀಳ ಓಡಿದರು. ನಾನು ಮಾತ್ರ, ಮೂವತ್ತೊಂದು ವರ್ಷ ಕೌಂಟರಿನ ಹಿಂದೆ ನಿಂತ ಅಭ್ಯಾಸಬಲದಿಂದ, ತೊಂದರೆ ಕೊಟ್ಟಿದ್ದಕ್ಕೆ ತಲೆಬಾಗಿ ಕ್ಷಮೆ ಕೇಳಿದೆ. ನೀರಿನಲ್ಲಿ ತಲೆ ತಗ್ಗಿದಷ್ಟೂ ಹಿಂಭಾಗ ಏರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ತಾವು ಆ ಕ್ಷಮೆಯನ್ನು ಎಲ್ಲಿ ಸ್ವೀಕರಿಸಿದಿರೆಂದು ಬಹಿರಂಗ ಪತ್ರದಲ್ಲಿ ಬರೆಯಲಾರೆ.

ಮೇಲಕ್ಕೆ ಓಡಿದರೂ ಬೆನ್ನಟ್ಟಿದಿರಿ. ದೋಣಿಯಲ್ಲಿ ಜುಕೆರಾನ್ ತಲೆ ಚಚ್ಚಿಕೊಂಡ: "ಮೇಲಕ್ಕಲ್ಲ, ಪಕ್ಕಕ್ಕೆ ಹೋಗಿ ಅಂತ ಇಳಿಯೋ ಮುಂಚೆ ಮೂರು ಸಲ ಹೇಳಿದ್ನಲ್ಲ ಕಿಕುಯೊ ಅಮ್ಮ! ಗೂಡಿಂದ ನೀರಿನ ಮೇಲ್ಗಡೆವರೆಗೂ ಎಲ್ಲ ಅದರದ್ದೇ. ನೀವು ಕೇಳ್ದೇನೇ ತಿಂಡಿ ಮುಕ್ಕುತ್ತಾ ಕೂತಿದ್ರಿ." ಭೇಷ್! ತಳದಲ್ಲಿ ಒಂದು ತಟ್ಟೆ ಜಾಗ, ಮೇಲೇರಿದಂತೆ ಅಗಲವಾಗುವ ಆಲಿಕೆಯಂಥ ಆಸ್ತಿ, ಬೇಲಿಯಿಲ್ಲ, ಕಾಗದವಿಲ್ಲ, ಆದರೂ ಒತ್ತುವರಿ ಮಾಡಲು ಯಾರಿಗೂ ಧೈರ್ಯವಿಲ್ಲ. ತಮ್ಮಂಥವರು ನಮ್ಮ ಕಚೇರಿಯಲ್ಲಿದ್ದಿದ್ದರೆ ಒಂದೂ ಗಡಿ ತಕರಾರು ಉಳಿಯುತ್ತಿರಲಿಲ್ಲ. ಆದರೂ ನಿಯಮ ನಿಯಮವೇ. ದಯವಿಟ್ಟು ಸದರಿ ಆಲಿಕೆಯ ನಕ್ಷೆಯನ್ನು ಮೂರು ಪ್ರತಿಗಳಲ್ಲಿ, ಸ್ವಂತ ಮೊಹರೊತ್ತಿ, ನೀರು ಸೋರದಂತೆ ಸಲ್ಲಿಸತಕ್ಕದ್ದು.

ಈಗ ಮುಖ್ಯ ದೂರು. ಕ್ಯಾಮೆರಾದಲ್ಲಿ ಸರಿಯಾಗಿ ಬಂದದ್ದು ಒಂದೇ ಚಿತ್ರ. ಅದರಲ್ಲಿ "ನೂರನೇ ಮುಳುಗಿಗೆ ಹಾರ್ದಿಕ ಅಭಿನಂದನೆ" ಎಂಬ ಬ್ಯಾನರು ನೆಟ್ಟಗಿದೆ, ಅದರ ಮುಂದೆ ತಾವು ಒಬ್ಬರೇ, ಹಲ್ಲು ಕಾಣುವಂತೆ, ಕ್ಯಾಮೆರಾವನ್ನೇ ನೋಡುತ್ತಾ ನಿಂತಿದ್ದೀರಿ. ಅಂಗಡಿಯವರು ಅದನ್ನೇ ಚೌಕಟ್ಟು ಹಾಕಿಸಿ ನನ್ನ ಮೊಳೆಗೆ ತೂಗುಹಾಕಿದ್ದಾರೆ. ಹನ್ನೊಂದು ವರ್ಷ ಕಾದ ಮೊಳೆ ಮಾನ್ಯರೇ! ನಾಚಿಕೆ ಬಿಟ್ಟು ಹೇಳುತ್ತೇನೆ, ಮನೆಗೆ ಬಂದು ಅತ್ತುಬಿಟ್ಟೆ. ಆದ್ದರಿಂದ ತಾವು ಮೂರು ದಿನದೊಳಗೆ ಅಂಗಡಿಗೆ ಖುದ್ದಾಗಿ ಹಾಜರಾಗಿ ಆ ಮೊಳೆಯನ್ನು ತೆರವು ಮಾಡಬೇಕಾಗಿ ವಿನಂತಿ.

ಕುಳಿತುಕೊಳ್ಳಲಾಗದೆ ನಿಂತೇ ಬರೆದ,
ತಮ್ಮ ವಿಶ್ವಾಸಿ,
ಇರಮಿನಾ ಕಿಕುಯೊ

ತಾ.ಕ.: ಮೇಲಿನ ವಿನಂತಿಯನ್ನು ರದ್ದುಪಡಿಸಿದ್ದೇನೆ. ಇವತ್ತು ನನ್ನ ಗಂಡ ಆ ಫೋಟೊ ನೋಡಲು ಅಂಗಡಿಗೆ ಬಂದರು. ಬಿದ್ದುಬಿದ್ದು ನಗುತ್ತಾರೆ ಎಂದುಕೊಂಡಿದ್ದೆ, ಬಿಳಿಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯೋ, ಅವತ್ತಿನ ಮೀನಿನ ಮೂತಿ ಇದೇ ಕಣೇ!" ಎಂದುಬಿಟ್ಟರು. ಅಂಗಡಿಯಲ್ಲಿದ್ದವರೆಲ್ಲ ಮೆಲ್ಲಗೆ ಪಕ್ಕದ ಚಿತ್ರದ ಬರಿಗಾಲನ್ನು ನೋಡಿದರು. ಆದ್ದರಿಂದ ತಾವು ಆ ಮೊಳೆಯಲ್ಲೇ, ಅವರ ಮಗ್ಗುಲಲ್ಲೇ, ಶಾಶ್ವತವಾಗಿ ನೆಲೆಸಬಹುದು. ಆ ಫಿನ್ನು ನೀಲಿ ಬಣ್ಣದ್ದು, ಬಲಗಾಲಿನದು, ಅಳತೆ ಇಪ್ಪತ್ತೇಳು. ತಮ್ಮ ಬಳಿಯೇನಾದರೂ ಉಳಿದಿದ್ದರೆ ದಯವಿಟ್ಟು ಕಳುಹಿಸಿಕೊಡಿ. ಶನಿವಾರ ಊಟಕ್ಕೆ ಜನ ಬರುತ್ತಿದ್ದಾರೆ.