ಮಾವನ ಹೆಬ್ಬೆರಳು

“ನಾಲಿಗೆ ಚಾಚೋ!” ಅಂದರು ಮಾವ.

ಕಾರು ಓಡಿಸುತ್ತಿದ್ದವನು ನಾನು. ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿದೆ ಎಂದು ಬಾಯಿತಪ್ಪಿ ಹೇಳಿದ್ದೆ, ಅಷ್ಟೇ ನನ್ನ ಅಪರಾಧ. ಸಿಗ್ನಲ್ ಕೆಂಪಾಗಿತ್ತು. ಹಿರಿಯರ ಮಾತು ಮೀರಬಾರದಲ್ಲ? ಅವರ ಕಡೆ ತಿರುಗಿ ನಾಲಿಗೆ ಪೂರ್ತಿ ಹೊರಗೆ ಹಾಕಿದೆ. ಅವರ ಆಚೆ, ಪಕ್ಕದ ಕಾರಿನಲ್ಲಿ, ಪೊಲೀಸಿನವನಿದ್ದ!

ದೀಪ ಮಿನುಗಿಸಿ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದ. ಮಾವ ಕಿಟಕಿ ಇಳಿಸಿ, ಹುಡುಗನ ನಾಲಿಗೆಯ ಅಂಚು ಕೆಂಪಾಗಿದೆ, ಲಿವರ್‌ನಲ್ಲಿ ಬೆಂಕಿ ಎದ್ದಿದೆ, ಅದನ್ನೇ ನೋಡುತ್ತಿದ್ದೆ ಎಂದು ಇಂಗ್ಲಿಷಿನಲ್ಲಿ ಸಾವಧಾನವಾಗಿ ವಿವರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಿಮಗೂ ಕಣತಲೆ ನೋಯುತ್ತಿರಬೇಕಲ್ಲ, ಸಿಟ್ಟಿನವರಿಗೆಲ್ಲ ಅಲ್ಲೇ ನೋಯುವುದು ಎಂದೂ ಸೇರಿಸಿದರು. ಪೊಲೀಸಿನವನು ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಯಜಮಾನರನ್ನು ಜೋಪಾನವಾಗಿ ಮನೆ ಸೇರಿಸು ಎಂದು ನನಗೆ ಹೇಳಿ ಹೋದ. ದಂಡದ ಟಿಕೆಟ್ ಕೊಡಲಿಲ್ಲ. ಅದು ತಾವು ಕಲಿತ ಚೀನಾ ವೈದ್ಯಕ್ಕೆ ಸಿಕ್ಕ ಗೆಲುವು ಎಂದು ಮಾವ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ!

ಜಾರ್ಜಿಯಾದಲ್ಲಿ ತಲೆನೋವು ವಾಸಿ ಮಾಡುತ್ತೇನೆಂದು ಇಷ್ಟು ಜನರ ತಲೆ ತಿಂದವರು ಇನ್ನೊಬ್ಬರಿಲ್ಲ. ಹಾಗೆಂದು ಮಾವ ನಕಲಿ ಡಾಕ್ಟರಲ್ಲ. ಅಮ್ಮನ ಅಣ್ಣ. ಮೈಸೂರಿನಲ್ಲಿ ಓದಿ ಇಲ್ಲಿಗೆ ಬಂದು, ದೊಡ್ಡ ಆಸ್ಪತ್ರೆಯಲ್ಲಿ ಕಾಲು ಶತಮಾನ ದುಡಿದ ಅಸಲಿ ಡಾಕ್ಟರು. ಸೊಂಟದಲ್ಲಿ ಈಗಲೂ ಪೇಜರ್ ಇದೆ. ಅವರು ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದಾಗ ನಾನು ಬಾಲದ ಹಾಗೆ ಜೊತೆಗೆ ಬಂದೆ. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಬೇಳೆ ಮೂಟೆ ಇಳಿಸುತ್ತೇನೆ. ಆದ್ದರಿಂದ ವೈದ್ಯದ ವಿಷಯದಲ್ಲಿ ನನ್ನ ಮಾತು ನಂಬಬೇಡಿ. ಕಂಡದ್ದು ಹೇಳುತ್ತೇನೆ.

ಮಾವನಿಗೆ ಒಬ್ಬಳೇ ಮಗಳು. ನಾರ್ತ್ ಕ್ಯಾರೊಲಿನಾದ ಏಪೆಕ್ಸ್‌ನಲ್ಲಿ ಗಂಡನ ಜೊತೆ ಇದ್ದಾಳೆ. ಹನ್ನೆರಡು ವರ್ಷಕ್ಕೆ ಶುರುವಾದ ಅರೆತಲೆನೋವು ಅವಳನ್ನು ಬಿಟ್ಟೇ ಇಲ್ಲ. ಅಪ್ಪನ ಮಾತ್ರೆಗಳೆಲ್ಲ ಸೋತವು. ಅಪ್ಪನ ದೋಸ್ತ್ ಡಾಕ್ಟರುಗಳೂ ಸೋತರು. ಕೊನೆಗೆ ಮಾವ, ನಾವಿರುವ ಡುಲುತ್‌ನಲ್ಲೇ ಮೀನಂಗಡಿಯ ಪಕ್ಕ ಬೇರು ಮಾರುವ ಚೀನೀ ಮುದುಕನ ಮುಂದೆ ಸ್ಟೂಲ್ ಎಳೆದುಕೊಂಡು ಕುಳಿತುಬಿಟ್ಟರು. ಐದು ವರ್ಷ, ಪ್ರತಿ ಶನಿವಾರ! ಹಣೆ ನೋವು ಹೊಟ್ಟೆಯದಂತೆ, ಕಣತಲೆ ನೋವು ಪಿತ್ತಕೋಶದ್ದಂತೆ, ನೆತ್ತಿ ನೋವು ಲಿವರಿನದಂತೆ. ತಲೆಯಲ್ಲಿ ತಲೆಯದು ಅಂತ ಏನಾದರೂ ಇದೆಯೋ ಇಲ್ಲವೋ!

ಇಷ್ಟೆಲ್ಲ ಕಲಿತದ್ದು ಯಾರಿಗಾಗಿಯೋ ಅವಳೇ ನಾಡಿ ನೋಡಲು ಕೈ ಕೊಡುತ್ತಿರಲಿಲ್ಲ. “ಅಪ್ಪಾ, ಪ್ಲೀಸ್. ಐ ಆಮ್ ನಾಟ್ ಯುವರ್ ಎಕ್ಸ್‌ಪೆರಿಮೆಂಟ್” ಎನ್ನುತ್ತಿದ್ದಳು.

ಅವಳು ಕೊಡದ ಕೈಯನ್ನು ಮಾವ ಊರಿನವರಿಂದೆಲ್ಲ ವಸೂಲು ಮಾಡಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆತ್ತಗಿನ ಒಂದು ಜಾಗವಿದೆ ನೋಡಿ, ಅಲ್ಲಿ ಬಲವಾಗಿ ಒತ್ತಿದರೆ ತಲೆನೋವು ಇಳಿಯುತ್ತದಂತೆ. ಯುಗಾದಿ ಫಂಕ್ಷನ್ನಿನಲ್ಲಿ ಮಾವನಿಗೆ ಶೇಕ್‌ಹ್ಯಾಂಡ್ ಕೊಟ್ಟವರು ಕಿಟಾರನೆ ಕಿರುಚಿಕೊಂಡರು. ಮರುವರ್ಷದಿಂದ ಎಲ್ಲರೂ ಎರಡು ಮಾರು ದೂರದಿಂದಲೇ ಕೈಮುಗಿಯತೊಡಗಿದರು. ನಮ್ಮ ಜನ ಇಲ್ಲಿ ಸಂಸ್ಕೃತಿ ಉಳಿಸಿಕೊಂಡಿದ್ದಾರೆ ಎಂದು ಕನ್ನಡ ಸಂಘದ ಅಧ್ಯಕ್ಷರು ಭಾಷಣದಲ್ಲಿ ಕೊಂಡಾಡಿದರು!

ಇನ್ನು ಕಷಾಯ. ಒಣಗಿದ ಸೇವಂತಿಗೆ, ಯಾವುದೋ ಬೇರು, ಯಾವುದೋ ತೊಗಟೆ. ಅತ್ತೆಯ ಸಾರಿನ ಪಾತ್ರೆಯೇ ಆಗಬೇಕು ಇದಕ್ಕೆ.

“ದೇವರಿಗೆ ಏರಿಸೋ ಹೂವನ್ನ ಕುದಿಸ್ತೀರಲ್ರೀ!” ಎಂದು ಅತ್ತೆ ಗೊಣಗುವರು.

“ದೇವರಿಗೆ ತಲೆನೋವಿಲ್ಲ ಕಣೇ” ಎನ್ನುವರು ಮಾವ.

ಒಂದು ಭಾನುವಾರ ಪಕ್ಕದ ಊರಿನಿಂದ ಮೂವರು ಸಾಫ್ಟ್‌ವೇರ್ ಹುಡುಗರು ಊಟಕ್ಕೆ ಬಂದರು. ಬಡಿಸಿದವನು ನಾನು. ಒಲೆಯ ಮೇಲೆ ಎರಡು ಪಾತ್ರೆ ಇದ್ದವು. ಎರಡೂ ಕಂದು, ಎರಡರಿಂದಲೂ ಹಬೆ. ನನಗೇನು ಗೊತ್ತು?

“ಆಂಟಿ, ಸಾರಿಗೆ ಮೆಂತ್ಯ ಸ್ವಲ್ಪ ಜಾಸ್ತಿ ಆಗಿದ್ಯಾ?” ಎಂದು ಒಬ್ಬ ಕೇಳಿದ. ಆದರೂ ಪಾಪ, ಮನೆ ಊಟಕ್ಕೆ ಹಸಿದಿದ್ದವರು, ಮೂವರೂ ಎರಡನೇ ಸಲ ಹಾಕಿಸಿಕೊಂಡು ಸುರಿದುಕೊಂಡರು. ಆಮೇಲೆ ವಿಷಯ ತಿಳಿದು ಅತ್ತೆ ತಲೆ ಮೇಲೆ ಕೈ ಹೊತ್ತು ಕುಳಿತರೆ, ಮಾವ ಪೆನ್ನು ಹಿಡಿದು ಓಡಿ ಬಂದರು.

“ಈಗ ತಲೆನೋವು ಹೇಗಿದೆಯಪ್ಪ?”

“ಅಂಕಲ್, ನಮಗೆ ತಲೆನೋವೇ ಇರ್ಲಿಲ್ಲ!”

“ಈಗ?”

“ಈಗ್ಲೂ ಇಲ್ಲ.”

“ನೋಡಿದ್ಯೇನೇ?” ಎಂದು ಮಾವ ಅತ್ತೆಯ ಕಡೆ ತಿರುಗಿ ಮೀಸೆ ತೀಡಿದರು.

ಹೀಗಿರುವಾಗ ಒಂದು ದಿನ ಏಪೆಕ್ಸ್‌ನಿಂದ ಅಳಿಯನ ಫೋನು ಬಂತು. “ಎರಡು ದಿನದಿಂದ ಎದ್ದಿಲ್ಲ ಮಾವ. ಮಾತ್ರೆ ಕೊಟ್ರೆ ಬೇಡ ಅಂತಾಳೆ. ಅಪ್ಪನ್ನ ಕರಿ, ಕೈ ಕೊಡ್ತೀನಿ ಅಂತಿದಾಳೆ.”

ಮಾವ ಷರ್ಟು ತಿರುಗುಮುರುಗಾಗಿ ಹಾಕಿಕೊಂಡು ಕಾರಿನಲ್ಲಿ ಕುಳಿತರು. ಸೌತ್ ಕ್ಯಾರೊಲಿನಾ ದಾಟುವವರೆಗೂ ತಮ್ಮ ಹೆಬ್ಬೆರಳನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಆರು ಗಂಟೆಯ ದಾರಿ! “ಇನ್ನೂ ತುಂಬಾ ದೂರ ಇದೆ, ಈಗಲೇ ಯಾಕೆ ಮಾವ?” ಎಂದು ಕೇಳಿದೆ. “ನೀನು ರೋಡ್ ನೋಡೋ” ಎಂದರು.

ಅವಳು ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದಳು. ಕಣ್ಣು ತೆರೆಯದೆಯೇ ಕೈ ಚಾಚಿದಳು. “ಒತ್ತು ಅಪ್ಪಾ. ಯೂ ವಿನ್.”

ಮಾವ ಮೊದಲು ನಾಡಿಯ ಮೇಲೆ ಮೂರು ಬೆರಳಿಟ್ಟರು. ಬಲಗೈ ನೋಡಿದರು, ಎಡಗೈ ನೋಡಿದರು, ಮತ್ತೆ ಬಲಗೈ ನೋಡಿದರು. ಆಮೇಲೆ ಕೈಯನ್ನು ಮೆಲ್ಲಗೆ ಹೊದಿಕೆಯ ಮೇಲೆ ಇಟ್ಟರು.

“ಇವತ್ತು ಒತ್ತಲ್ಲ ಪುಟ್ಟಿ.”

“ಫೈವ್ ಇಯರ್ಸ್ ನನ್ನ ಹಿಂದೆ ಬಿದ್ದೆ, ಈಗ ಬೇಡ್ವಾ?”

“ಎಷ್ಟು ವಾರ ಆಯ್ತು?”

ಅವಳು ಕಣ್ಣು ತೆರೆದಳು. “ಏಳು. ಅಮ್ಮನಿಗೂ ಹೇಳಿಲ್ಲ. ಹೌ ಡಿಡ್ ಯೂ…” ಎಂದವಳು ಅಳತೊಡಗಿದಳು. ಮಾತ್ರೆ ಬೇಡ ಎಂದದ್ದು ಅದಕ್ಕೇ. ಮುದುಕ ಕಲಿಸಿದ ಮೊದಲ ಪಾಠವೂ ಅದೇ ಅಂತೆ: ಬಸುರಿಯ ಕೈಯಲ್ಲಿ ಆ ಜಾಗ ಒತ್ತಬಾರದು. ಇದನ್ನು ಮಾವ ಆಮೇಲೆ ಹೇಳಿದರು.

ಆ ಮಧ್ಯಾಹ್ನವೆಲ್ಲ ಅವಳ ಪಕ್ಕ ಕುಳಿತು ಟವೆಲ್ ಒದ್ದೆ ಮಾಡಿ ಹಣೆಗೆ ಹಾಕುತ್ತಿದ್ದರು. ನಾನು ಬಾಗಿಲಿನಲ್ಲಿ ನಿಂತಿದ್ದೆ. ಅವಳು ನರಳಿದಾಗಲೆಲ್ಲ ಮಾವ ತಮ್ಮ ಎಡಗೈಯ ಅದೇ ಜಾಗವನ್ನು ಬಲಗೈಯ ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿಕೊಳ್ಳುತ್ತಿದ್ದರು. ಚರ್ಮ ಕೆಂಪಾಗಿತ್ತು.

ಅಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.