ಅಸದುಲ್ಲಾ ಕಡೆದ ದೇಶ

ಏಳು ಸಮುದ್ರಗಳಾಚೆ, ಎಂಟನೆಯ ಸಮುದ್ರದ ನಟ್ಟನಡುವೆ, ಟುಂಬಾಲಿ ಎಂಬ ಪುಟ್ಟ ದೇಶವೊಂದಿತ್ತಂತೆ. ಅದನ್ನು ಮಾಡಲು ಭಗವಂತನಿಗೆ ಎಷ್ಟು ಯುಗ ಹಿಡಿಯಿತೋ ಯಾರಿಗೂ ಗೊತ್ತಿಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದ ಅಸದುಲ್ಲಾನಿಗೆ ಮಾತ್ರ ಸಿಕ್ಕಿದ್ದು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ.

ಎಲ್ಲದಕ್ಕೂ ಮೂಲ ಒಂದು ಕರೆಂಟು ಕಂಬ. ಬೀದಿಯುದ್ದಕ್ಕೂ ಬಂದ ತಂತಿ ಪಕ್ಕದ ಮನೆಯ ಸನಾವುಲ್ಲಾನ ಬಾಗಿಲಿಗೆ ನಿಂತುಬಿಟ್ಟಿತ್ತು. ಮುಂದಕ್ಕೆ ಬರಲು ಇನ್ನೊಂದೇ ಕಂಬ ಬೇಕು. ಅರ್ಜಿ ಹಾಕಿ ಮೂರು ವರ್ಷವಾಗಿತ್ತು. ಕಂಬವನ್ನು ನಂಬಿ ಅಸದುಲ್ಲಾ ತಂದಿಟ್ಟ ಮೋಟಾರಿನ ಮೇಲೆ ಕೋಳಿ ಎರಡು ಸಲ ಮರಿ ಮಾಡಿತ್ತು. ಸನಾವುಲ್ಲಾನ ಯಂತ್ರ ಗುಂಯ್ ಎನ್ನುತ್ತ ದಿನಕ್ಕೆ ಮುನ್ನೂರು ಬುಗುರಿ ಉದುರಿಸುತ್ತಿದ್ದರೆ, ಅಸದುಲ್ಲಾ ಎಡಗೈಯಲ್ಲಿ ಹಗ್ಗದ ಬಿಲ್ಲೆಳೆದು ಮರ ತಿರುಗಿಸುತ್ತ, ಬಲಗೈಯಲ್ಲಿ ಉಳಿ ಹಿಡಿದು ಮೂವತ್ತು ಮುಗಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅವನ ಎಡತೋಳು ಗರಡಿ ಪೈಲ್ವಾನನದು, ಬಲತೋಳು ಆಫೀಸು ಗುಮಾಸ್ತನದು.

ಆ ದಿನ ಬೆಳಿಗ್ಗೆ ಕೈಗಾರಿಕೆ ಆಫೀಸಿನ ಸಾಹೇಬರು ಕಾಡಸಿದ್ದಪ್ಪ ಜೀಪಿನಿಂದ ಧುಮುಕಿದರು.

“ಅಸದುಲ್ಲಾ, ನನ್ ಮಾನ ನಿನ್ ಕೈಲೈತೆ ಕಣಪ್ಪಾ! ಟುಂಬಾಲಿ ದೇಶದ ಮಂತ್ರಿ ನಾಕು ಗಂಟೆಗೆ ಬತ್ತಾರೆ. ಅವ್ರ ದೇಶಾನೇ ಮರದಲ್ಲಿ ಮಾಡ್ಸಿ ಕೊಡ್ತೀವಿ ಅಂತ ತಿಂಗಳ ಹಿಂದೇನೇ ಮೇಲಕ್ಕೆ ಬರ್ದ್‌ಬುಟ್ಟಿವ್ನಿ.”

“ತಿಂಗಳಿಂದ ಏನ್ ಮಾಡ್ತಿದ್ರಿ ಸಾ?”

“ಫೈಲು ನಡೀತಿತ್ತು.”

“ಸನಾವುಲ್ಲಾಂಗೆ ಹೇಳ್ಬೋದಿತ್ತಲ್ಲ?”

“ಊರಿಗೂರೇ ಕರೆಂಟ್ ಹೋಗೈತೆ. ಕರೆಂಟಿಲ್ದೆ ಕೆಲ್ಸ ಮಾಡೋನು ಇಲ್ಲಿ ನೀನೊಬ್ನೇ.” ಸಾಹೇಬರು ಎದೆ ಮುಟ್ಟಿಕೊಂಡರು. “ಸಂಜೆ ದೇಶ ನನ್ ಕೈಗಿಡು. ಇವತ್ತೇ ನಿನ್ ಬಾಗ್ಲಲ್ಲಿ ಕಂಬ ನಿಲ್ಲಿಸ್ತೀನಿ. ಇದು ನನ್ ಮಾತು.”

ಜೀಪು ಹೋಯಿತು. ಜವಾನ ಚನ್ನಲಿಂಗಪ್ಪ ಕಾವಲಿಗೆ ಉಳಿದ. ಟುಂಬಾಲಿಯ ವಿವರವಿದ್ದ ಮೂರು ಇಂಗ್ಲಿಷ್ ಹಾಳೆ ಅವನ ಬಳಿಯಿತ್ತು. ಎದುರು ಮನೆಯ ಟೀಚರು ವರಲಕ್ಷ್ಮಮ್ಮ ಕನ್ನಡಕ ಏರಿಸಿ ಓದತೊಡಗಿದರು.

“ಭೂಗೋಳ. ಎರಡು ಬೆಟ್ಟ, ಒಂದು ನದಿ. ದೇಶದ ಆಕಾರ ಬಾಗಿದ ಹುರುಳಿಕಾಯಿ ಥರ.”

“ಈ ಬಿಲ್ಲಲ್ಲಿ ಏನ್ ತಿರುಗ್ಸಿದ್ರೂ ದುಂಡಗೇ ಬರೋದು ಟೀಚರಮ್ಮ. ರೊಟ್ಟಿ ಥರ ಮಾಡಿದ್ರೆ ಆಗಲ್ವಾ?”

“ಮಂತ್ರಿಗಳು ಕೋಪ ಮಾಡ್ಕೊಂಡ್ರೆ?”

“ಒಸಿ ಮೈ ತುಂಬ್ಕೊಂಡೈತೆ ಅನ್ಕೋತಾರೆ ಬುಡಿ.”

ಹಾಗೆ ಟುಂಬಾಲಿ ದುಂಡಗಾಯಿತು. ಎರಡು ಬುಗುರಿ ತಲೆಕೆಳಗಾಗಿ ನಿಂತು ಬೆಟ್ಟಗಳಾದವು. ತಿರುಗುವ ಮರಕ್ಕೆ ನೀಲಿ ಅರಗು ಒತ್ತಿದ್ದರಿಂದ ನದಿ ಬಳೆಯಂತೆ ಮೂಡಿ, ಹುಟ್ಟಿದ ಜಾಗಕ್ಕೇ ಬಂದು ಸೇರಿತು.

“ಸರ್ಕಾರ. ಶಾಸಕರು ಅರವತ್ತು. ಅವರಲ್ಲಿ ನಲವತ್ತೆಂಟು ಜನ ಮಂತ್ರಿಗಳು. ವಿದ್ಯುತ್ತಿಗೇ ಒಬ್ಬ ಮಂತ್ರಿ ಇದಾರಂತೆ. ವಿದ್ಯುತ್ತು ಮಾತ್ರ ಇನ್ನೂ ಬಂದಿಲ್ಲವಂತೆ.”

ಅಸದುಲ್ಲಾ ಉಳಿ ಕೆಳಗಿಟ್ಟ. “ಸರಿಯಾಗಿ ನೋಡಿ ಟೀಚರಮ್ಮ. ಇದು ಅವರ ಕಾಗ್ದವಾ, ನನ್ ಅರ್ಜಿಯಾ?”

ಅರವತ್ತು ಜನರನ್ನು ಎಲ್ಲಿಂದ ತರುವುದು? ಹೆಂಡತಿ ಅಕ್ಬರಿ ಬೇಗಂ ಅಟ್ಟದಿಂದ ಡಬ್ಬವೊಂದನ್ನು ಇಳಿಸಿದಳು. “ಚದುರಂಗದ ಕಾಲಾಳುಗಳು. ಎಲ್ಲಾ ಒಂದೇ ಥರ. ಕಿವೀನೂ ಇಲ್ಲ, ಕೈಯೂ ಇಲ್ಲ. ಬರೀ ತಲೆ.”

“ತಲೆ ಜಾಸ್ತಿಯಾಯ್ತು ಭಾಬಿ,” ಎಂದ ಸನಾವುಲ್ಲಾ. ಕರೆಂಟಿಲ್ಲದ ಅವನಿಗೆ ಅಂದು ಬೇರೆ ಕೆಲಸವಿರಲಿಲ್ಲ.

ಮೂರನೆಯ ಹಾಳೆಯಲ್ಲಿ ಆರ್ಥಿಕತೆ ಇರಬೇಕಿತ್ತು. ಆದರೆ ಚನ್ನಲಿಂಗಪ್ಪ ಅದರಲ್ಲಿ ನಾಲ್ಕು ವಡೆ ಕಟ್ಟಿಸಿಕೊಂಡು ಬಂದಿದ್ದ. ‘ಮುಖ್ಯ ರಫ್ತು’ ಎಂಬಲ್ಲಿಯವರೆಗೆ ಅಕ್ಷರವಿತ್ತು. ಅಲ್ಲಿಂದಾಚೆಗೆ ದೇಶದ ಆರ್ಥಿಕತೆ ಎಣ್ಣೆಯಲ್ಲಿ ಮುಳುಗಿತ್ತು.

“ರೇಷ್ಮೆ ಅಂತ ಮಾಡ್ಲಾ,” ಎಂದ ಚನ್ನಲಿಂಗಪ್ಪ. ಅವನ ಊರು ಕೈಲಾಂಚ, ಮನೆಮನೆಯಲ್ಲೂ ರೇಷ್ಮೆಹುಳು ಸಾಕುವ ಸೀಮೆ. “ಹಿಪ್ಪುನೇರಳೆ ಇಲ್ದಿರೋ ದೇಶ ಇರ್ತದಾ?”

“ಆನೆ ಕಣಯ್ಯಾ!” ಎಂದ ಸನಾವುಲ್ಲಾ. ಅವನಲ್ಲಿ ಮಾರಾಟವಾಗದ ಮರದಾನೆಗಳು ಇಪ್ಪತ್ತಿದ್ದವು.

“ವಡೆ ತಿಂದೋನು ನಾನು, ನಂಗೊತ್ತಿಲ್ವಾ?”

ಮಾತಿಗೆ ಮಾತು ಬೆಳೆದು ಸನಾವುಲ್ಲಾ ಆವೇಶದಿಂದ ಬಿಲ್ಲನ್ನೇ ಹಿಡಿದೆಳೆದ. ಹಗ್ಗ ಫಟ್ಟೆಂದು ಹರಿಯಿತು. ಆಗ ಗಂಟೆ ಮೂರು. ರಾಷ್ಟ್ರಪತಿಯನ್ನು ಕಡೆಯುವುದು ಇನ್ನೂ ಬಾಕಿ. ಗಟ್ಟಿ ದಾರಕ್ಕಾಗಿ ಮನೆಯೆಲ್ಲ ಹುಡುಕಿದ ಅಕ್ಬರಿ ಬೇಗಂ ಕೊನೆಗೆ ಗಂಡನ ಪೈಜಾಮವನ್ನೇ ದಿಟ್ಟಿಸಿ ನೋಡಿದಳು.

“ಲಾಡಿ ಬಿಚ್ಚಿ ಕೊಡಿ.”

“ಮಂತ್ರಿ ಬರೋ ಹೊತ್ತಲ್ಲಾ?”

“ಕೂತೇ ತಾನೆ ಕೆಲ್ಸ ಮಾಡೋದು? ಏಳ್ಬೇಡಿ.”

ಲಾಡಿಯ ಬಲದಿಂದ ರಾಷ್ಟ್ರಪತಿ ಹುಟ್ಟಿದರು. ಜಗಳ ಮುಗಿಯದ್ದರಿಂದ ಆನೆಯ ಬೆನ್ನಿಗೆ ರೇಷ್ಮೆಗೂಡು ಅಂಟಿಸಿ ಆರ್ಥಿಕತೆಯನ್ನೂ ನಿಲ್ಲಿಸಿದರು.

ನಾಲ್ಕಕ್ಕೆ ಸರಿಯಾಗಿ ಮಂತ್ರಿಗಳು ಬಂದರು. ದುಂಡು ದೇಶ ನೋಡಿ ಅವರ ಮುಖ ಅರಳಿತು. ವರಲಕ್ಷ್ಮಮ್ಮ ಮೆಲ್ಲಗೆ ಹೇಳಿದರು: “ಪಕ್ಕದ ದೇಶ ಮೂರು ಜಿಲ್ಲೆ ನುಂಗಿದ್ದಕ್ಕೇ ಇವರ ದೇಶ ಬಾಗಿದ್ದಂತೆ. ನೀನು ವಾಪಸ್ ಕೊಡಿಸಿದೀಯ ಅಂತಿದಾರೆ.” ಆನೆಯನ್ನು ತೋರಿಸಿ ಅವರೇನೋ ಕೇಳಿದಾಗ ಟೀಚರು ತಡವರಿಸಲಿಲ್ಲ. “ಮುಂದಿನ ಪಂಚವಾರ್ಷಿಕ ಯೋಜನೆ ಅಂದೆ.”

ಮಂತ್ರಿಗಳ ಕಣ್ಣು ಬಿಲ್ಲಿನ ಮೇಲೆ ಬಿತ್ತು. ಇದಕ್ಕೆ ಎಷ್ಟು ಕರೆಂಟು ಬೇಕೆಂದು ಕೇಳಿದರು. ಏನೂ ಬೇಡವೆಂದು ತಿಳಿದದ್ದೇ ತಡ, ಕೂಗಿಕೊಂಡು ಅಸದುಲ್ಲಾನನ್ನು ಎಬ್ಬಿಸಿ ಅಪ್ಪಿಕೊಂಡರು. ಅಸದುಲ್ಲಾ ಎರಡೂ ಕೈಯಲ್ಲಿ ಪೈಜಾಮ ಹಿಡಿದು ನಿಂತ. ಅದೇ ಈ ಸೀಮೆಯ ನಮಸ್ಕಾರವೆಂದು ತಿಳಿದು ಮಂತ್ರಿಗಳೂ ತಮ್ಮ ಸೊಂಟ ಹಿಡಿದು ಬಾಗಿದರು. ಹಿಂದಿದ್ದ ಕಾಡಸಿದ್ದಪ್ಪನವರೂ ಹಿಡಿದರು.

“ಯಾಕಿಷ್ಟು ಖುಷಿ ಟೀಚರಮ್ಮ?”

“ಆ ವಿದ್ಯುತ್ ಮಂತ್ರಿ ಇವರೇ ಕಣಪ್ಪ. ಹತ್ತು ವರ್ಷದಿಂದ ಜನ ಕರೆಂಟೆಲ್ಲಿ ಅಂತ ಪ್ರಾಣ ತಿಂತಿದ್ರಂತೆ. ಕರೆಂಟೇ ಬೇಡ ಅಂತ ಇನ್ನು ನಿನ್ನನ್ನ ತೋರಿಸ್ತಾರಂತೆ.”

ಅದನ್ನು ಕೇಳಿ ಕಾಡಸಿದ್ದಪ್ಪನವರ ಕಣ್ಣು ಮಿಂಚಿತು. ಅಸದುಲ್ಲಾ ಅದನ್ನು ಗಮನಿಸಲಿಲ್ಲ.

ಐದೂವರೆಗೆ ಲಾರಿ ಬಂತು. ಮೂರು ವರ್ಷ ಅಲುಗದ ಕಂಬ ಅರ್ಧ ಗಂಟೆಯಲ್ಲಿ ಬಾಗಿಲೆದುರು ನೆಟ್ಟಗೆ ನಿಂತಿತು. ಅಸದುಲ್ಲಾ ಕೋಳಿಯನ್ನು ಓಡಿಸಿ, ಕಣ್ಣೊರೆಸಿಕೊಂಡು ಮೋಟಾರನ್ನೂ ಒರೆಸಿದ. ಹೊರಗೆ ಸುತ್ತಿಗೆ ಸದ್ದು ಕೇಳಿತು. ಬಂದು ನೋಡಿದರೆ ಕಂಬಕ್ಕೊಂದು ಬೋರ್ಡು, ಅದರ ಮೇಲೊಂದು ಬಲ್ಬು.

ವರಲಕ್ಷ್ಮಮ್ಮ ಓದಿದರು: “ಕರೆಂಟಿಲ್ಲದೆ ನಡೆಯುವ ಮಾದರಿ ಕಾರ್ಖಾನೆ.”

“ಸಾ, ತಂತಿ ಒಳಕ್ಕೆ?”

“ಒಳಕ್ಕೆ ಎಳೆದ್ರೆ ಬೋರ್ಡು ಸುಳ್ಳಾಗಲ್ವೇನಪ್ಪಾ?” ಕಾಡಸಿದ್ದಪ್ಪ ಜೀಪು ಹತ್ತಿದರು. “ಇನ್ಮೇಲೆ ಬಂದೋರಿಗೆಲ್ಲ ನಿನ್ನನ್ನೇ ತೋರಿಸೋದು. ಆ ಮೋಟಾರ್ ಮಾತ್ರ ಯಾರ ಕಣ್ಣಿಗೂ ಬೀಳ್ಬಾರ್ದು.”

ಅಷ್ಟರಲ್ಲಿ ಊರಿಗೆ ಕರೆಂಟು ಬಂತು. ಸನಾವುಲ್ಲಾನ ಯಂತ್ರ ಗುಂಯ್ ಎಂದಿತು. ಬೋರ್ಡಿನ ಮೇಲಿನ ಬಲ್ಬು ಝಗ್ಗನೆ ಹೊತ್ತಿ, ಕೈಯಲ್ಲಿ ಪೈಜಾಮ ಹಿಡಿದು ನಿಂತಿದ್ದ ಅಸದುಲ್ಲಾನನ್ನು ಬೀದಿಗೆಲ್ಲ ತೋರಿಸಿತು. ಒಳಗೆ ಕೋಳಿ ಮತ್ತೆ ಮೋಟಾರು ಹತ್ತಿ ಕೂತಿತು.

ಜೀಪಿನಿಂದ ತಲೆ ಹೊರಹಾಕಿ ಸಾಹೇಬರು ಕೂಗಿದರು: “ಕಂಬ ಅಂದಿದ್ದೆ, ನಿಲ್ಲಿಸ್ದೆ. ಕೊಟ್ಟ ಮಾತು ತಪ್ಪೋ ಮನುಷ್ಯ ಅಲ್ಲ ನಾನು!”