ನೆಗಡಿ ಹಿಡಿದ ಓಲಗ

ಮನೆಯಲ್ಲಿ ಕೀಬೋರ್ಡ್ ಇದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಅದರೊಳಗೆ ನೂರಾರು ವಾದ್ಯಗಳಿರುತ್ತವೆ. ಸಮುದ್ರದ ಅಲೆ, ಹೆಲಿಕಾಪ್ಟರ್ ಕೂಡ ಇರುತ್ತವೆ. ಬಂದವರು ಕೇಳುವುದೊಂದು ಮಾತ್ರ ಇರುವುದಿಲ್ಲ.

ದೇಶ ದೇಶ ಅಲೆದು ಸದ್ಯಕ್ಕೆ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಪೆಟ್ಟಿಗೆ ಬಿಚ್ಚಿದ್ದೇನೆ. ಎದುರು ಮನೆ ಆಂಟಿ ಕೇಳಿದ್ದು ಓಲಗ. ಅಂಕಲ್‌ಗೆ ಅರವತ್ತು ತುಂಬಿತ್ತು. ಷಷ್ಟ್ಯಬ್ದಿಯಲ್ಲಿ ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟಬೇಕು. ಆದರೆ ಕೆಳಗಿನ ಹಾಲ್‌ನಲ್ಲಿ ಓಲಗ, ಡೋಲು ನಿಷೇಧ ಅಂತ ಬೋರ್ಡ್ ಇದೆ. ಕೀಬೋರ್ಡಿನ ಸುದ್ದಿ ಬೋರ್ಡಿನಲ್ಲಿಲ್ಲ.

"ನನ್ನ ಮದುವೇಲಿ ಓಲಗದವರ ಬಸ್ಸು ದಾರೀಲೇ ಕೆಟ್ಟು ನಿಂತ್ಬಿಡ್ತು ಕಣೆ," ಅಂದರು ಆಂಟಿ. "ನಮ್ಮ ಮೈದುನ ಊಟದ ತಟ್ಟೆ ಬಡಿದ, ಇವರು ತಾಳಿ ಕಟ್ಟಿದ್ರು. ಈ ಸಲವಾದ್ರೂ ಗಟ್ಟಿಮೇಳ ಆಗ್ಲೇಬೇಕು."

ಆ ಮದುವೆಯಿಂದೀಚೆಗೆ ಅವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ, ಗಂಡ ಹೆಂಡತಿ ನಡುವೆ ಮಾತು ಹೆಚ್ಚಾದರೂ ಕೊನೆಗೆ ಕಾರಣ ಆ ತಟ್ಟೆಯೇ ಆಗುತ್ತದಂತೆ. ಇದು ಅಂಕಲ್ ನನಗೆ ಲಿಫ್ಟಿನಲ್ಲಿ ಗುಟ್ಟಾಗಿ ಹೇಳಿದ್ದು.

ಮೊದಲು ಶಹನಾಯಿ

ಕೀಬೋರ್ಡಿನ ಪಟ್ಟಿಯಲ್ಲಿ ನಾದಸ್ವರ ಇರಲಿಲ್ಲ, ಶಹನಾಯಿ ಇತ್ತು. ಎರಡೂ ಊದುವ ವಾದ್ಯವೇ ತಾನೇ ಅಂತ ಒಂದು ಮಂಗಳಕರ ರಾಗ ನುಡಿಸಿದೆ. ಆಂಟಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಚೆನ್ನಾಗಿದೆ ಅಂದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಇದು ಹೆಣ್ಣು ಕಳಿಸಿಕೊಡುವಾಗ ಅಳೋದಕ್ಕೆ ಸರಿ ಕಣೆ. ನಮ್ಮಲ್ಲಿ ಅಳೋದು ಊಟ ಆದ್ಮೇಲೆ."

ಆಮೇಲೆ ಬೆರಕೆ

ಒಂದೇ ಕೀಲಿ ಒತ್ತಿದರೆ ಎರಡು ಮೂರು ವಾದ್ಯ ಒಟ್ಟಿಗೆ ನುಡಿಯುವ ಹಾಗೆ ಮಾಡಬಹುದು. ನನಗೆ ಈ ಬೆರಕೆಯ ಹುಚ್ಚು ಹಳೆಯದು. ಇಸ್ತಾಂಬುಲ್‌ನ ಬೀದಿ ಮದುವೆಯೊಂದರಲ್ಲಿ ನಮ್ಮ ಓಲಗದ ದಾಯಾದಿಯಂಥ ವಾದ್ಯ ಕೇಳಿ, ದಾರಿ ತಪ್ಪಿ, ಗೊತ್ತಿಲ್ಲದವರ ಮನೆಯಲ್ಲಿ ಊಟ ಮಾಡಿ ಬಂದವಳು ನಾನು.

ಓಬೋ ಅನ್ನುವ ವಿಲಾಯಿತಿ ಊದುವಾದ್ಯ ತೆಗೆದುಕೊಂಡೆ. ತುಂಬಾ ಮರ್ಯಾದಸ್ಥ ವಾದ್ಯ, ಬಾಗಿಲಲ್ಲೇ ನಿಂತು ಒಳಗೆ ಬರಲಾ ಅಂತ ಕೇಳುವ ಹಾಗಿತ್ತು. ಧೈರ್ಯಕ್ಕೆ ಟ್ರಂಪೆಟ್ ಸೇರಿಸಿದೆ. ಪೊಲೀಸ್ ಬ್ಯಾಂಡಿನ ಹಾಗಾಯಿತು. ಎದುರು ಬಾಗಿಲಿಂದ ಅಂಕಲ್, ಯಾರು ರಿಟೈರ್ ಆಗ್ತಿರೋದು ಅಂತ ವಿಚಾರಿಸಿದರು. ಟ್ರಂಪೆಟ್ ತೆಗೆದು ಹಾರ್ಮೋನಿಯಂ ಬೆರೆಸಿದೆ. ಈಗ ಭಜನೆಯಾಯಿತು.

"ಎಲ್ಲಾ ಇದೆ," ಅಂದರು ಆಂಟಿ, ಬಿಸಿಬೇಳೆಬಾತ್ ರುಚಿ ನೋಡುವವರ ಹಾಗೆ. "ಆದ್ರೆ ಓಲಗಕ್ಕೆ ಒಂಚೂರು ನೆಗಡಿ ಇರ್ಬೇಕಮ್ಮ."

ನಗು ಬಂತು. ಆದರೂ ಕುತೂಹಲಕ್ಕೆ ಹಾರ್ಮೋನಿಯಂ ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಿ ನೋಡಿದೆ. ಎರಡು ದನಿ ಒಂದಕ್ಕೊಂದು ಉಜ್ಜಿಕೊಂಡು ಮೂಗಿನಿಂದ ಹೊರಟವು. ಸಾಕ್ಷಾತ್ ಓಲಗ. ಜಗತ್ತಿನಲ್ಲಿ ಎಲ್ಲೆಲ್ಲೋ ಸಂಗೀತ ಕೇಳಿದ್ದೇನೆ. ಶೀತ ಆದಮೇಲೆ ಸುಧಾರಿಸಿದ ವಾದ್ಯ ಇದೊಂದೇ.

ಎಡಗೈಗೆ ಡೋಲು

ಕೀಬೋರ್ಡನ್ನು ಎರಡು ಪಾಲು ಮಾಡಿದೆ. ಬಲಗಡೆ ಓಲಗ, ಎಡಗಡೆ ಡೋಲು. ಅಂಕಲ್ ಕೂಡ ತಾಳಿ ಕಟ್ಟುವ ಅಭ್ಯಾಸಕ್ಕೆ ಕೂತರು. ದಿಂಬಿಗೆ ದಾರ ಸುತ್ತಿ ಗಂಟು ಹಾಕುವುದು. ಡೋಲಿನ ಆಚೆಗಿನ ಕೀಲಿಯಲ್ಲಿ ಶಿಳ್ಳೆ ಅಡಗಿದೆ ಅಂತ ನನಗೇನು ಗೊತ್ತು. ಗಟ್ಟಿಮೇಳ ಜೋರಾಗಿ ಏರುವಾಗ ಬೆರಳು ಜಾರಿತು. ಪೀಈಈ.

ಅಂಕಲ್ ಗಂಟನ್ನು ಅರ್ಧಕ್ಕೇ ಬಿಟ್ಟು ತಲೆ ಎತ್ತಿದರು. "ಬನಶಂಕರಿ ಬಸ್ ಹತ್ತಿದ ಹಾಗಾಯ್ತಲ್ಲಮ್ಮ. ಈಗ ರೈಟಾ, ಹೋಲ್ಡಾನಾ?"

ಗಟ್ಟಿಮೇಳ

ಹಾಲ್ ತುಂಬಿತ್ತು. ಪುರೋಹಿತರು ಮೊದಲೇ ಹೇಳಿದ್ದರು: "ನಾನು ಕೈ ಎತ್ತಿದ ತಕ್ಷಣ ಶುರು ಮಾಡಿ. ಇಳಿಸೋವರೆಗೂ ನಿಲ್ಲಿಸ್ಬೇಡಿ." ನನ್ನನ್ನು ಕೂರಿಸಿದ್ದು ಕಂಬದ ಹಿಂದೆ. ಅಲ್ಲಿಂದ ಕಾಣುತ್ತಿದ್ದುದು ಬರೀ ತಲೆಗಳು.

ಮೆಲ್ಲಗೆ ನುಡಿಸುತ್ತಿದ್ದೆ. ತಲೆಗಳ ಮೇಲೆ ಒಂದು ಕೈ ಎದ್ದಿತು. ಸರಿ, ಗಟ್ಟಿಮೇಳ ಶುರು ಮಾಡಿದೆ. ಪುರೋಹಿತರು ವಾಚು ಕಟ್ಟುವುದಿಲ್ಲ, ಆ ಕೈಯಲ್ಲಿ ವಾಚಿತ್ತು ಅನ್ನುವುದು ಆಮೇಲೆ ಹೊಳೆಯಿತು.

ಅದು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿಯ ಕೈ. ಓಲಗ ಕೇಳಿ, ನಿಲ್ಲಿಸಿ ಅಂತ ಹೇಳಲು ಬಂದವರು ನೇರ ಮಂಟಪದ ಮುಂದೆ ನಿಂತಿದ್ದರು. ನಮ್ಮ ಜನಕ್ಕೆ ಗಟ್ಟಿಮೇಳ ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಅಕ್ಷತೆ ಎಸೆಯುತ್ತದೆ. ಹಾಲ್‌ನ ಅಕ್ಷತೆಯೆಲ್ಲ ಸೆಕ್ರೆಟರಿ ತಲೆಗೆ. ಅವರು ಇನ್ನೊಂದು ಕೈಯನ್ನೂ ಎತ್ತಿದರು. ಪುರೋಹಿತರಿಗೆ ಇನ್ನೂ ಜೋರು ಬೇಕೇನೋ ಅಂತ ನಾನು ವಾಲ್ಯೂಮ್ ಏರಿಸಿದೆ. ಈ ಗದ್ದಲದಲ್ಲಿ ಅಂಕಲ್ ದಿಂಬಿನ ಮೇಲೆ ಕಲಿತ ವಿದ್ಯೆಯನ್ನೆಲ್ಲ ನೆನೆದು ಆಂಟಿಗೆ ತಾಳಿ ಕಟ್ಟಿಯೇಬಿಟ್ಟರು.

ನಿಲ್ಲಿಸಿದಾಗ ಪುರೋಹಿತರು ಗೋಡೆ ಗಡಿಯಾರ ನೋಡುತ್ತಿದ್ದರು. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಪರವಾಗಿಲ್ಲ, ಕಟ್ಟಿದ್ದು ಕಟ್ಟಿಯಾಯಿತು ಅಂದರು. ಸೆಕ್ರೆಟರಿ ಕೂದಲಿನಿಂದ ಅಕ್ಕಿ ಉದುರಿಸುತ್ತಾ ಓಲಗದವರು ಎಲ್ಲಿ ಅಂತ ಕಂಬದ ಸುತ್ತ ಹುಡುಕಿದರು. ಸಿಕ್ಕಿದ್ದು ಕೀಬೋರ್ಡಿನ ಮುಂದೆ ನಾನೊಬ್ಬಳೇ. ಆಂಟಿ ಸೆಕ್ರೆಟರಿಯನ್ನು ಬಿಡದೆ ಮೊದಲ ಪಂಕ್ತಿಯಲ್ಲೇ ಕೂರಿಸಿದರು.

ಊಟಕ್ಕೆ ಕೂತಾಗ ಅಂಕಲ್ ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿದಿತ್ತು. "ಓಲಗಾನೂ ಆಯ್ತು, ಗಟ್ಟಿಮೇಳಾನೂ ಆಯ್ತು. ಇನ್ಮೇಲೆ ಜಗಳಕ್ಕೆ ಏನು ಕಾರಣ ಹೇಳ್ತೀಯ?"

ಆಂಟಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ತಾಳಿ ಒಮ್ಮೆ ಮುಟ್ಟಿ ನೋಡಿಕೊಂಡು, ನಿಧಾನವಾಗಿ ಅಂದರು:

"ಮುಹೂರ್ತಕ್ಕೆ ಮುಂಚೇನೇ ಕಟ್ಟಿದ್ರಲ್ಲ."